ಸರಪಳಿ ಬಿಚ್ಚಿದವರ ಚರಿತ್ರೆ ನಮ್ಮ ಮನೆಗಳಿಗೂ ಬೇಕು

(ಉಚ್ಚಿಲದಲ್ಲಿ ಮುಸ್ಲಿಮ್ ಕುಟುಂಬಗಳಿಗಾಗಿ ಏರ್ಪಡಿಸಲಾಗಿದ್ದ ಸಭೆಯಲ್ಲಿ ಮಾಡಿದ ಭಾಷಣದ ಲಿಖಿತ ರೂಪ)



ಮನೆಯ ಹಿರಿಯರಿಗೆ ಸಕ್ಕರೆ ಕಾಯಿಲೆ ಇದೆಯೆಂದು ಹೇಳಿಕೊಳ್ಳಲು ನಾವು ಸಂಕೋಚಪಡುವುದಿಲ್ಲ. ಮದುವೆಯ ಊಟದ ಸಾಲಿನಲ್ಲಿ ಕುಳಿತು ರಕ್ತದೊತ್ತಡದ ಮಾತ್ರೆಗಳ ಬಗ್ಗೆ ಪರಸ್ಪರ ವಿಚಾರಿಸಿಕೊಳ್ಳುತ್ತೇವೆ. ಹೃದಯದ ಶಸ್ತ್ರಚಿಕಿತ್ಸೆಯಾದರೆ ನೋಡಲು ಊರಿಗೆ ಊರೇ ಹೋಗುತ್ತದೆ. ಆದರೆ ಅದೇ ಮನೆಯ ಮಗನೋ ಮಗಳೋ ಮನಸ್ಸಿನ ಕಾಯಿಲೆಗೆ ತುತ್ತಾದರೆ ಮೊದಲು ಮಾಡುವ ಕೆಲಸವೆಂದರೆ ಬಾಗಿಲು ಮುಚ್ಚುವುದು. ರೋಗಿಯನ್ನು ಸಂದರ್ಶಿಸುವುದು ಒಬ್ಬ ಮುಸ್ಲಿಮನಿಗೆ ಇನ್ನೊಬ್ಬ ಮುಸ್ಲಿಮನ ಮೇಲಿರುವ ಹಕ್ಕೆಂದು ಪ್ರವಾದಿ(ಸ) ಕಲಿಸಿದರು. ಆ ಹಕ್ಕು ಮನೋರೋಗಿಗೆ ಅನ್ವಯಿಸುವುದಿಲ್ಲವೆಂದು ನಮಗೆ ಹೇಳಿಕೊಟ್ಟವರು ಯಾರು?

ಇಂದು ನನಗೆ ವಹಿಸಲಾಗಿರುವ ವಿಷಯ ಮಾನಸಿಕ ಆರೋಗ್ಯ. ಇದರ ವೈದ್ಯಕೀಯ ಮುಖವನ್ನು ವಿವರಿಸಲು ನಾನು ವೈದ್ಯನಲ್ಲ. ನಾನು ಹೇಳಬಯಸುವುದು ಒಂದು ಚರಿತ್ರೆಯನ್ನು. ಮನೋರೋಗಿಯೂ ಮನುಷ್ಯನೇ, ಅವನಿಗೂ ಗೌರವವಿದೆ ಎಂಬ ಸರಳ ಮಾತನ್ನು ಒಪ್ಪಿಸಲು ನಡೆದ ಹೋರಾಟದ ಚರಿತ್ರೆ ಅದು. ಸ್ವಾತಂತ್ರ್ಯ ಹೋರಾಟದ ಪಾಠ ನಮ್ಮ ಮಕ್ಕಳ ಪುಸ್ತಕದಲ್ಲಿದೆ. ಈ ಹೋರಾಟದ ಪಾಠ ಅಲ್ಲಿಲ್ಲ. ಆದ್ದರಿಂದಲೇ ಇಂದಿಗೂ 'ಮರ್ಲ್' ಎಂಬ ಪದ ನಮ್ಮ ಬೀದಿಗಳಲ್ಲಿ ನಗೆಪಾಟಲಿನ ಮಾತಾಗಿ ಉಳಿದಿದೆ.

ಏರ್ವಾಡಿಯ ಆ ಮುಂಜಾವು

ಈ ಚರಿತ್ರೆಯ ಅತ್ಯಂತ ಕರಾಳ ಪುಟವೊಂದು ನಮ್ಮ ಸಮುದಾಯದ ಹೆಸರಿಗೆ ಅಂಟಿಕೊಂಡಿದೆ. 2001ರ ಆಗಸ್ಟ್ 6ರ ಮುಂಜಾನೆ ತಮಿಳುನಾಡಿನ ರಾಮನಾಥಪುರಂ ಜಿಲ್ಲೆಯ ಏರ್ವಾಡಿಯಲ್ಲಿ ಬೆಂಕಿ ಹತ್ತಿಕೊಂಡಿತು. ಅಲ್ಲಿನ ದರ್ಗಾದ ಆಸುಪಾಸಿನಲ್ಲಿ ಖಾಸಗಿಯವರು ಮನೋರೋಗಿಗಳಿಗಾಗಿ ನಡೆಸುತ್ತಿದ್ದ ಆಶ್ರಯತಾಣಗಳಲ್ಲಿ ಒಂದು ಹೊತ್ತಿ ಉರಿಯಿತು. ಒಳಗಿದ್ದವರು ಓಡಲು ಸಾಧ್ಯವಿರಲಿಲ್ಲ, ಏಕೆಂದರೆ ಅವರ ಕಾಲುಗಳಲ್ಲಿ ಸರಪಳಿಗಳಿದ್ದವು. ಆ ದುರಂತದಲ್ಲಿ 28 ಮಂದಿ ಪ್ರಾಣ ಕಳೆದುಕೊಂಡರು.

ಸತ್ತವರನ್ನು ಅಲ್ಲಿಗೆ ತಂದು ಬಿಟ್ಟವರು ಶತ್ರುಗಳಲ್ಲ, ಸ್ವಂತ ಕುಟುಂಬದವರು. ಗುಣವಾಗಲಿ ಎಂಬ ಹರಕೆಯಿಂದ ಕೆಲವರು ಬಿಟ್ಟರೆ, ಕಣ್ಣಿಗೆ ಕಾಣದಿರಲಿ ಎಂಬ ಆಸೆಯಿಂದ ಇನ್ನು ಕೆಲವರು ಬಿಟ್ಟರು. ಅಲ್ಲಿಗೆ ಬರುತ್ತಿದ್ದವರು ಕೇವಲ ಮುಸ್ಲಿಮರಾಗಿರಲಿಲ್ಲ; ಎಲ್ಲ ಧರ್ಮದವರೂ ಇದ್ದರು. ಬೆಂಕಿ ಹತ್ತಿದ್ದು ದರ್ಗಾದಲ್ಲಲ್ಲ, ಹಣಕ್ಕಾಗಿ ನಡೆಯುತ್ತಿದ್ದ ಖಾಸಗಿ ತಾಣದಲ್ಲಿ ಎಂಬುದೂ ನಿಜ. ಆದರೆ ಇವನ್ನು ಹೇಳಿ ಕೈತೊಳೆದುಕೊಳ್ಳಲು ನಮಗೆ ಸಾಧ್ಯವೇ? ನಂಬಿಕೆಯ ಹೆಸರಿನಲ್ಲಿ ವ್ಯಾಪಾರ ನಡೆಯುತ್ತಿದ್ದಾಗ ನಮ್ಮ ಮಿಂಬರುಗಳು ಎಷ್ಟು ಮಾತಾಡಿದ್ದವು?

ದುರಂತದ ಬಳಿಕ ಅಲ್ಲಿನ ಇಂಥ ತಾಣಗಳನ್ನೆಲ್ಲ ಮುಚ್ಚಿ, ಐನೂರಕ್ಕೂ ಹೆಚ್ಚು ಮಂದಿಯನ್ನು ಸರಕಾರದ ಆರೈಕೆಗೆ ಒಪ್ಪಿಸಲಾಯಿತು. ಸುಪ್ರೀಮ್ ಕೋರ್ಟು ತಾನಾಗಿ ಪ್ರಕರಣವನ್ನು ಕೈಗೆತ್ತಿಕೊಂಡು, ಎಲ್ಲ ರಾಜ್ಯಗಳೂ ಇಂಥ ಸ್ಥಳಗಳ ಸಮೀಕ್ಷೆ ನಡೆಸಬೇಕೆಂದು ಆದೇಶಿಸಿತು. 28 ಹೆಣಗಳು ಬಿದ್ದ ಮೇಲೆ ದೇಶಕ್ಕೆ ಸರಪಳಿ ಕಾಣಿಸಿತು.

ನಮ್ಮ ಪರಂಪರೆ ಏನು ಹೇಳುತ್ತದೆ?

ಸರಪಳಿಯೇ ನಮ್ಮ ಪರಂಪರೆ ಎಂದು ಯಾರಾದರೂ ಭಾವಿಸಿದರೆ ಅವರಿಗೆ ಇಸ್ಲಾಮೀ ಚರಿತ್ರೆಯ ಪರಿಚಯವಿಲ್ಲ ಎನ್ನಬೇಕು. ಮದೀನದಲ್ಲಿ ಬುದ್ಧಿ ಸ್ಥಿಮಿತದಲ್ಲಿಲ್ಲದ ಒಬ್ಬ ಮಹಿಳೆ ಪ್ರವಾದಿ(ಸ)ಯವರ ಬಳಿಗೆ ಬಂದು, ತನಗೆ ತಮ್ಮಿಂದ ಒಂದು ಕೆಲಸ ಆಗಬೇಕಿದೆ ಎಂದಳು. ಪ್ರವಾದಿ(ಸ) ಆಕೆಯನ್ನು ಗೌರವದಿಂದ ಸಂಬೋಧಿಸಿದರು. ಯಾವ ಬೀದಿಯಲ್ಲಿ ನಿಂತು ಮಾತಾಡಬೇಕೆಂಬ ಆಯ್ಕೆಯನ್ನೂ ಆಕೆಗೇ ಬಿಟ್ಟರು. ಆಕೆಯ ಮಾತು ಮುಗಿಯುವವರೆಗೂ ಆಲಿಸಿದರು. ಸಹೀಹ್ ಮುಸ್ಲಿಮ್‌ನಲ್ಲಿ ಅನಸ್(ರ)ರಿಂದ ವರದಿಯಾಗಿರುವ ಈ ಘಟನೆಯನ್ನು ಓದಿದಾಗಲೆಲ್ಲ ಒಂದು ಪ್ರಶ್ನೆ ಏಳುತ್ತದೆ. ಒಂದು ರಾಷ್ಟ್ರದ ನಾಯಕರಾಗಿದ್ದವರಿಗೆ ಇದ್ದ ಪುರುಸೊತ್ತು ನಮಗೇಕಿಲ್ಲ?

ಬುದ್ಧಿ ಸ್ವಾಧೀನದಲ್ಲಿಲ್ಲದವನ ಮೇಲೆ ಶರೀಅತ್ ಹೊಣೆ ಹೊರಿಸುವುದಿಲ್ಲ. ಸೊತ್ತನ್ನು ನಿಭಾಯಿಸಲಾರದವರ ಸೊತ್ತನ್ನು ಜೋಪಾನ ಮಾಡಿ, ಅದರಿಂದ ಅವರಿಗೆ ಉಣಿಸಿ ಉಡಿಸಿ, ಅವರೊಡನೆ ಒಳ್ಳೆಯ ಮಾತಾಡಬೇಕೆಂದು ಸೂರಃ ಅನ್ನಿಸಾ ಆಜ್ಞಾಪಿಸುತ್ತದೆ. ಪುತ್ರ ವಿಯೋಗದ ದುಃಖದಲ್ಲಿ ಪ್ರವಾದಿ ಯಅ್‌ಕೂಬ್(ಅ)ರ ಕಣ್ಣುಗಳು ಬೆಳ್ಳಗಾದುದನ್ನು ಸೂರಃ ಯೂಸುಫ್ ಮುಚ್ಚಿಡುವುದಿಲ್ಲ. ಹಾಗಿರುವಾಗ, ಈಮಾನ್ ಇದ್ದವನಿಗೆ ಖಿನ್ನತೆ ಬರುವುದೇ ಇಲ್ಲ ಎಂಬ ಉಪದೇಶ ಎಲ್ಲಿಂದ ಬಂತು?

ಕ್ರಿ.ಶ. 934ರಲ್ಲಿ ನಿಧನರಾದ ಅಬೂ ಝೈದ್ ಅಲ್‌ಬಲ್ಖಿ ಎಂಬ ವಿದ್ವಾಂಸರು ದೇಹ ಮತ್ತು ಮನಸ್ಸು ಎರಡರ ಆರೋಗ್ಯದ ಕುರಿತೂ ಒಂದೇ ಗ್ರಂಥದಲ್ಲಿ ಬರೆದರು. ಕಾರಣ ಗೊತ್ತಿರುವ ದುಃಖ ಬೇರೆ, ಕಾರಣವೇ ತಿಳಿಯದೆ ಆವರಿಸುವ ದುಃಖ ಬೇರೆ ಎಂದು ಅವರು ವಿಂಗಡಿಸಿದರು. ದಮಸ್ಕಸ್‌ನಲ್ಲಿ 1154ರಲ್ಲಿ ನೂರುದ್ದೀನ್ ಝಂಗಿ ಕಟ್ಟಿಸಿದ ಆಸ್ಪತ್ರೆ, ಕೈರೋದಲ್ಲಿ 1284ರಲ್ಲಿ ಸುಲ್ತಾನ್ ಕಲಾವೂನ್ ಕಟ್ಟಿಸಿದ ಆಸ್ಪತ್ರೆಗಳಲ್ಲಿ ಮನೋರೋಗಿಗಳಿಗೂ ಸ್ಥಾನವಿತ್ತು. ಖರ್ಚು ವಕ್ಫ್‌ನಿಂದ ಬರುತ್ತಿತ್ತು. 1488ರಲ್ಲಿ ಎದಿರ್ನೆಯಲ್ಲಿ ಸುಲ್ತಾನ್ ಬಾಯಝೀದ್ ಕಟ್ಟಿಸಿದ ಆಸ್ಪತ್ರೆಯಲ್ಲಿ ನೀರಿನ ಸದ್ದು ಮತ್ತು ಸಂಗೀತವನ್ನೂ ಚಿಕಿತ್ಸೆಯ ಭಾಗವಾಗಿಸಲಾಗಿತ್ತು. ಆ ಕಾಲದ ಆಸ್ಪತ್ರೆಗಳಲ್ಲೂ ಉಗ್ರ ಸ್ಥಿತಿಯ ರೋಗಿಗಳನ್ನು ಸರಪಳಿಯಲ್ಲಿ ಬಂಧಿಸುತ್ತಿದ್ದುದುಂಟು, ಅದನ್ನು ಮರೆಮಾಚಬೇಕಾಗಿಲ್ಲ. ಆದರೆ ಮನೋರೋಗಿಯ ಜಾಗ ಆಸ್ಪತ್ರೆ, ಅವನ ಖರ್ಚು ಸಮಾಜದ ಹೊಣೆ ಎಂಬ ಮೂಲ ತತ್ವವನ್ನು ಅವರು ಒಪ್ಪಿದ್ದರು. ನಮ್ಮ ಇಂದಿನ ಎಷ್ಟು ವಕ್ಫ್‌ಗಳು ಈ ಹೊಣೆಯನ್ನು ನೆನಪಿಟ್ಟುಕೊಂಡಿವೆ?

ಬೆಂಗಳೂರಿನ ದಾರಿ

ಈಗ ನಮ್ಮ ರಾಜ್ಯಕ್ಕೆ ಬರೋಣ. ಬ್ರಿಟಿಷರ ಕಾಲದ ಹುಚ್ಚಾಸ್ಪತ್ರೆಗಳ ಮುಖ್ಯ ಗುರಿ ರೋಗಿಯನ್ನು ಗುಣಪಡಿಸುವುದಕ್ಕಿಂತ ಅವನಿಂದ ಸಮಾಜವನ್ನು ಕಾಪಾಡುವುದಾಗಿತ್ತು. 1912ರ ಭಾರತೀಯ ಹುಚ್ಚರ ಕಾಯಿದೆಯೂ ಇದೇ ದೃಷ್ಟಿಯದ್ದು. ಬೆಂಗಳೂರಿನಲ್ಲಿ ಹತ್ತೊಂಬತ್ತನೇ ಶತಮಾನದಲ್ಲಿ ಆರಂಭವಾಗಿದ್ದ ಇಂಥ ಒಂದು ಹುಚ್ಚಾಸ್ಪತ್ರೆ 1925ರಲ್ಲಿ ಮಾನಸಿಕ ಆಸ್ಪತ್ರೆ ಎಂಬ ಹೆಸರು ಪಡೆಯಿತು. ಹೆಸರಿನ ಬದಲಾವಣೆ ಸಣ್ಣದೆಂದು ತೋರಬಹುದು. ಆದರೆ ಒಬ್ಬನನ್ನು ಹುಚ್ಚ ಎನ್ನುವುದಕ್ಕೂ ರೋಗಿ ಎನ್ನುವುದಕ್ಕೂ ಇರುವ ಅಂತರ, ಬಂಧನಕ್ಕೂ ಚಿಕಿತ್ಸೆಗೂ ಇರುವ ಅಂತರವೇ ಆಗಿದೆ. 1930ರ ದಶಕದಲ್ಲಿ, ಸರ್ ಮಿರ್ಜಾ ಇಸ್ಮಾಯಿಲ್ ಮೈಸೂರಿನ ದಿವಾನರಾಗಿದ್ದ ಕಾಲದಲ್ಲಿ, ಆ ಆಸ್ಪತ್ರೆ ಹೊಸೂರು ರಸ್ತೆಯ ವಿಶಾಲ ಆವರಣಕ್ಕೆ ಬಂತು. 1954ರಲ್ಲಿ ಅಲ್ಲಿಯೇ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಸ್ಥಾಪನೆಯಾಯಿತು. 1974ರಲ್ಲಿ ಎರಡೂ ಸೇರಿ ನಿಮ್ಹಾನ್ಸ್ ಆಯಿತು. ಇಂದು ನಾವು ತಮಾಷೆಗೆ ಬಳಸುವ ಆ ಹೆಸರು, ದೇಶಕ್ಕೇ ಮಾದರಿಯಾದ ಸಂಸ್ಥೆಯೊಂದರ ಹೆಸರು.

ಕಟ್ಟಡ ಮತ್ತು ವೈದ್ಯರಿಂದ ಮಾತ್ರ ಬದಲಾವಣೆ ಬರುವುದಿಲ್ಲ. ಬದಲಾವಣೆ ತಂದವರಲ್ಲಿ ಸ್ವತಃ ರೋಗಿಗಳಾಗಿದ್ದವರಿದ್ದಾರೆ. ಅಮೇರಿಕದ ಕ್ಲಿಫರ್ಡ್ ಬಿಯರ್ಸ್ ಮಾನಸಿಕ ಆಸ್ಪತ್ರೆಗಳಲ್ಲಿ ತಾನು ಅನುಭವಿಸಿದ ಹಿಂಸೆಯನ್ನು 1908ರಲ್ಲಿ ಪುಸ್ತಕವಾಗಿ ಪ್ರಕಟಿಸಿ, ಮರುವರ್ಷ ಒಂದು ರಾಷ್ಟ್ರೀಯ ಚಳುವಳಿಯನ್ನೇ ಕಟ್ಟಿದನು. ರೋಗಿ ಬಾಯಿ ತೆರೆದುದೇ ಆಧುನಿಕ ಹೋರಾಟದ ಆರಂಭ.

ಬದಲಾವಣೆ ತಂದವರಲ್ಲಿ ಕುಟುಂಬಗಳೂ ಇವೆ. 1950ರ ದಶಕದಲ್ಲಿ ಅಮೃತಸರದ ಮಾನಸಿಕ ಆಸ್ಪತ್ರೆಯಲ್ಲಿ ಡಾ. ವಿದ್ಯಾಸಾಗರ್ ಎಂಬ ವೈದ್ಯರು ಆವರಣದಲ್ಲಿ ಡೇರೆಗಳನ್ನು ಹಾಕಿಸಿ, ರೋಗಿಗಳ ಜೊತೆ ಅವರ ಮನೆಯವರನ್ನೂ ಇರಿಸಿಕೊಂಡರು. ಮನೆಯವರು ಕಾಯಿಲೆಯನ್ನು ಅರಿತರು, ಆರೈಕೆ ಕಲಿತರು, ರೋಗಿಯೊಡನೆ ಊರಿಗೆ ಮರಳಿದರು. ತಂದು ಬಿಟ್ಟುಹೋಗುವ ಪದ್ಧತಿಗೆ ಇದು ಉತ್ತರವಾಗಿತ್ತು.

ನಮ್ಮ ಕರಾವಳಿಗೂ ಈ ಚರಿತ್ರೆಯಲ್ಲಿ ಪಾಲಿದೆ. 1923ರಲ್ಲಿ ಮಂಗಳೂರಿನಲ್ಲಿ ಜನಿಸಿದ ಡಾ. ಶಾರದಾ ಮೆನನ್ ಬೆಂಗಳೂರಿನ ಸಂಸ್ಥೆಯಲ್ಲಿ ತರಬೇತಿ ಪಡೆದು ಭಾರತದ ಪ್ರಥಮ ಮಹಿಳಾ ಮನೋವೈದ್ಯೆಯಾದರು. ಮದ್ರಾಸಿನ ಸರಕಾರಿ ಮಾನಸಿಕ ಆಸ್ಪತ್ರೆಯ ಮುಖ್ಯಸ್ಥೆಯಾಗಿ ದೀರ್ಘಕಾಲ ದುಡಿದರು. 1984ರಲ್ಲಿ ಸ್ಕಿಝೋಫ್ರೇನಿಯಾ ಪೀಡಿತರ ಪುನರ್ವಸತಿಗಾಗಿ ಸ್ಕಾರ್ಫ್ ಎಂಬ ಸಂಸ್ಥೆಯನ್ನು ಸ್ಥಾಪಿಸಿದರು. 1992ರಲ್ಲಿ ಪದ್ಮಭೂಷಣ ಪಡೆದ ಅವರು 2021ರಲ್ಲಿ ನಿಧನರಾದರು. ಮಂಗಳೂರಿನ ನಮ್ಮ ಎಷ್ಟು ಹೆಣ್ಮಕ್ಕಳಿಗೆ ಈ ಹೆಸರು ಗೊತ್ತಿದೆ?

ಬಳ್ಳಾರಿ ಕಲಿಸಿದ ಪಾಠ

ಬೆಂಗಳೂರಿನಲ್ಲಿ ದೊಡ್ಡ ಆಸ್ಪತ್ರೆ ಇದ್ದರೆ ಹಳ್ಳಿಯ ಬಡವನಿಗೇನು ಪ್ರಯೋಜನ? ಈ ಪ್ರಶ್ನೆಗೆ ಉತ್ತರ ಹುಡುಕಿದ್ದು ನಮ್ಮ ರಾಜ್ಯವೇ. 1982ರಲ್ಲಿ ಕೇಂದ್ರ ಸರಕಾರ ರಾಷ್ಟ್ರೀಯ ಮಾನಸಿಕ ಆರೋಗ್ಯ ಕಾರ್ಯಕ್ರಮವನ್ನು ಅಂಗೀಕರಿಸಿತು. ಅದನ್ನು ಒಂದು ಇಡೀ ಜಿಲ್ಲೆಯಲ್ಲಿ ಜಾರಿಗೊಳಿಸಿ ನೋಡಲು ನಿಮ್ಹಾನ್ಸ್ ಬಳ್ಳಾರಿಯನ್ನು ಆರಿಸಿಕೊಂಡಿತು. ಪ್ರಾಥಮಿಕ ಆರೋಗ್ಯ ಕೇಂದ್ರದ ಸಾಮಾನ್ಯ ವೈದ್ಯರಿಗೂ ಆರೋಗ್ಯ ಕಾರ್ಯಕರ್ತರಿಗೂ ತರಬೇತಿ ನೀಡಲಾಯಿತು. ಜ್ವರಕ್ಕೆ ಮಾತ್ರೆ ಸಿಗುವಲ್ಲಿಯೇ ಮನಸ್ಸಿನ ಕಾಯಿಲೆಗೂ ಮಾತ್ರೆ ಸಿಗುವಂತಾಯಿತು. 'ಬಳ್ಳಾರಿ ಮಾದರಿ' ಎಂದೇ ಹೆಸರಾದ ಈ ಪ್ರಯೋಗದ ಆಧಾರದಲ್ಲಿ 1996ರಲ್ಲಿ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಆರಂಭವಾಯಿತು. ಇನ್ನೊಂದೆಡೆ ನಿಮ್ಹಾನ್ಸ್‌ನ ಪ್ರಾಧ್ಯಾಪಕರಾಗಿದ್ದ ಡಾ. ಸಿ.ಆರ್. ಚಂದ್ರಶೇಖರ್, ಜನಸಾಮಾನ್ಯರಿಗೆ ಅರ್ಥವಾಗುವ ಕನ್ನಡದಲ್ಲಿ ಪುಸ್ತಕದ ಮೇಲೆ ಪುಸ್ತಕ ಬರೆದು, ಮನೋರೋಗದ ಬಗೆಗಿನ ಭಯವನ್ನು ಮನೆಮನೆಯಿಂದ ಹೊರಗಟ್ಟಲು ಶ್ರಮಿಸಿದರು. 2024ರಲ್ಲಿ ಅವರಿಗೆ ಪದ್ಮಶ್ರೀ ಸಂದಿತು. ಭಾಷೆಯೂ ಒಂದು ಔಷಧ ಎಂಬುದಕ್ಕೆ ಅವರ ಬದುಕು ಸಾಕ್ಷಿ.

ಕಾನೂನಿನ ಹೋರಾಟ

ಪತ್ರಕರ್ತನಾಗಿ ನನಗೆ ಹೆಮ್ಮೆಯೆನಿಸುವ ಒಂದು ಅಧ್ಯಾಯವೂ ಇಲ್ಲಿದೆ. ಯಾವ ಅಪರಾಧವನ್ನೂ ಮಾಡದ ಮನೋರೋಗಿಗಳನ್ನು ಜೈಲುಗಳಲ್ಲಿ ಕೂಡಿಹಾಕುವುದರ ವಿರುದ್ಧ ಪತ್ರಕರ್ತೆ ಶೀಲಾ ಬರ್ಸೆ ಸುಪ್ರೀಮ್ ಕೋರ್ಟಿನ ಬಾಗಿಲು ಬಡಿದರು. ಅದು ಕಾನೂನುಬಾಹಿರವೆಂದೂ ಸಂವಿಧಾನ ವಿರೋಧಿಯೆಂದೂ 1993ರಲ್ಲಿ ನ್ಯಾಯಾಲಯ ತೀರ್ಪಿತ್ತಿತು. ಅದೇ ವರ್ಷ, 1987ರ ಮಾನಸಿಕ ಆರೋಗ್ಯ ಕಾಯಿದೆ ಜಾರಿಗೆ ಬಂದು 1912ರ ಕಾಯಿದೆಯನ್ನು ಕಿತ್ತುಹಾಕಿತು. 1999ರಲ್ಲಿ ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗವು ನಿಮ್ಹಾನ್ಸ್‌ನ ನೆರವಿನಿಂದ ದೇಶದ ಮಾನಸಿಕ ಆಸ್ಪತ್ರೆಗಳ ದುಸ್ಥಿತಿಯನ್ನು ವರದಿಯಾಗಿ ಹೊರತಂದಿತು.

ಅದೇ 1999ರಲ್ಲಿ ಪುಣೆಯಲ್ಲಿ ಭಾರ್ಗವಿ ದಾವರ್ ಎಂಬ ಮಹಿಳೆ ಬಾಪು ಟ್ರಸ್ಟ್ ಸ್ಥಾಪಿಸಿದರು. ಮನೋರೋಗಿಯೆಂಬ ಹಣೆಪಟ್ಟಿ ಹೊತ್ತು ಸಂಸ್ಥೆಗಳಲ್ಲಿ ನರಳಿದ ತನ್ನ ತಾಯಿಯ ಹೆಸರನ್ನೇ ಅದಕ್ಕೆ ಇಟ್ಟರು. ತಾಯಿಯನ್ನು ಮುಚ್ಚಿಡುವ ಬದಲು ತಾಯಿಯ ಹೆಸರಿನಲ್ಲಿಯೇ ಹೋರಾಡಿದ ಆ ಮಗಳು 2024ರಲ್ಲಿ ತೀರಿಕೊಂಡರು. 2006ರಲ್ಲಿ ವಿಶ್ವಸಂಸ್ಥೆ ಅಂಗೀಕರಿಸಿದ ವಿಕಲಚೇತನರ ಹಕ್ಕುಗಳ ಒಡಂಬಡಿಕೆಗೆ ಭಾರತ 2007ರಲ್ಲಿ ಬದ್ಧವಾಯಿತು. ಇವೆಲ್ಲದರ ಫಲವೇ 2017ರ ಮಾನಸಿಕ ಆರೋಗ್ಯ ರಕ್ಷಣಾ ಕಾಯಿದೆ.

2018ರ ಮೇ 29ರಂದು ಜಾರಿಗೆ ಬಂದ ಈ ಕಾಯಿದೆಯ ನಾಲ್ಕು ಮಾತುಗಳನ್ನು ದಯವಿಟ್ಟು ನೆನಪಿಟ್ಟುಕೊಳ್ಳಿ. ಒಂದು, ಸರಕಾರ ನಡೆಸುವ ಅಥವಾ ಧನಸಹಾಯ ನೀಡುವ ಸೇವೆಗಳಲ್ಲಿ ಮಾನಸಿಕ ಚಿಕಿತ್ಸೆ ಪಡೆಯುವುದು ಪ್ರತಿಯೊಬ್ಬನ ಹಕ್ಕು. ಎರಡು, 95ನೇ ಸೆಕ್ಷನ್ ಪ್ರಕಾರ ಮನೋರೋಗಿಯನ್ನು ಯಾವುದೇ ರೀತಿಯಲ್ಲಿ ಸರಪಳಿಯಿಂದ ಬಂಧಿಸುವುದು ನಿಷಿದ್ಧ. ಮೂರು, ಆರೋಗ್ಯ ವಿಮೆಯಲ್ಲಿ ದೇಹದ ಕಾಯಿಲೆಗೂ ಮನಸ್ಸಿನ ಕಾಯಿಲೆಗೂ ತಾರತಮ್ಯ ಕೂಡದು. ನಾಲ್ಕು, ಆತ್ಮಹತ್ಯೆಗೆ ಯತ್ನಿಸಿದವನನ್ನು ಅಪರಾಧಿಯಾಗಿ ನೋಡದೆ ತೀವ್ರ ಒತ್ತಡಕ್ಕೆ ಸಿಲುಕಿದವನೆಂದು ಪರಿಗಣಿಸಿ ಸರಕಾರ ಆರೈಕೆ ಒದಗಿಸಬೇಕು.

ಆದರೆ ಕಾಯಿದೆಯ ಪುಸ್ತಕ ಬೇರೆ, ನೆಲದ ವಾಸ್ತವ ಬೇರೆ. ನಿಮ್ಹಾನ್ಸ್ ನೇತೃತ್ವದಲ್ಲಿ 12 ರಾಜ್ಯಗಳಲ್ಲಿ ನಡೆದ 2015-16ರ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ವಯಸ್ಕರಲ್ಲಿ ಶೇ. 10.6ರಷ್ಟು ಮಂದಿ ಒಂದಿಲ್ಲೊಂದು ಮಾನಸಿಕ ಕಾಯಿಲೆಯಿಂದ ಬಳಲುತ್ತಿದ್ದರು. ಕಾಯಿಲೆಗೆ ಅನುಸಾರವಾಗಿ ಶೇ. 70ರಿಂದ 92ರಷ್ಟು ಮಂದಿಗೆ ಚಿಕಿತ್ಸೆ ತಲುಪುತ್ತಿರಲಿಲ್ಲ. ಮಂದಿರ-ಮಸೀದಿಯ ಹೆಸರಿನಲ್ಲಿ ಮತ ಕೇಳುವವರು ಈ ಅಂಕಿಗಳ ಬಗ್ಗೆ ಮಾತಾಡಿದ್ದನ್ನು ನೀವು ಕೇಳಿದ್ದೀರಾ? ತಾಲೂಕು ಆಸ್ಪತ್ರೆಗೆ ಮನೋವೈದ್ಯರು ಬರುತ್ತಾರೆಯೇ, ಮಾತ್ರೆಗಳು ದಾಸ್ತಾನಿವೆಯೇ ಎಂದು ನಮ್ಮ ಶಾಸಕರನ್ನು ನಾವಾದರೂ ಕೇಳಿದ್ದೇವೆಯೇ? ನಾವು ಕೇಳದ ಹೊರತು ಅವರು ಉತ್ತರಿಸುವುದಿಲ್ಲ.

ನಮ್ಮ ಮನೆಗಳಲ್ಲಿ

ಸಹೋದರರೇ, ಸರಕಾರವನ್ನು ಕೇಳುವ ಮುನ್ನ ನಮ್ಮನ್ನು ನಾವು ಕೇಳಿಕೊಳ್ಳಬೇಕಾದುದೂ ಇದೆ. ಕರಾವಳಿಯ ನಮ್ಮ ಮನೆಗಳಲ್ಲಿ ಸಾಮಾನ್ಯವಾಗಿ ನಡೆಯುವುದು ಹೀಗೆ. ಗಲ್ಫಿನಿಂದ ಮರಳಿದ ಹುಡುಗ ಕೋಣೆ ಬಿಟ್ಟು ಹೊರಬರುವುದಿಲ್ಲ, ಯಾರೋ ತನ್ನ ಬಗ್ಗೆಯೇ ಮಾತಾಡುತ್ತಿದ್ದಾರೆ ಎನ್ನುತ್ತಾನೆ. ಮೊದಲು ಸಿಹ್ರ್ ಆಗಿದೆಯೆಂಬ ತೀರ್ಮಾನವಾಗುತ್ತದೆ. ಮಾಟ ಮಾಡಿಸಿದವರು ಯಾರೆಂಬ ಹುಡುಕಾಟದಲ್ಲಿ ಒಡಹುಟ್ಟಿದವರ ನಡುವೆಯೇ ದ್ವೇಷ ಹುಟ್ಟುತ್ತದೆ. ತಾಯತ, ಮಂತ್ರಿಸಿದ ನೀರು, ದೂರದ ಊರುಗಳ ಯಾತ್ರೆ ಎಂದು ವರ್ಷಗಳು ಉರುಳುತ್ತವೆ, ತಾಯಿಯ ಬಳೆಗಳು ಕರಗುತ್ತವೆ. ಕೊನೆಗೆ, ಮದುವೆ ಮಾಡಿದರೆ ಸರಿಹೋಗುತ್ತದೆಂದು ಯಾರೋ ಹೇಳುತ್ತಾರೆ. ಏನೂ ಅರಿಯದ ಬಡವರ ಮಗಳೊಬ್ಬಳು ಆ ಮನೆಗೆ ಬರುತ್ತಾಳೆ. ಮನೋವೈದ್ಯರ ಬಾಗಿಲು ಕಾಣುವ ಹೊತ್ತಿಗೆ ಕಾಯಿಲೆ ಬೇರೂರಿರುತ್ತದೆ. ಎರಡು ಕುಟುಂಬಗಳು ಮುರಿದಿರುತ್ತವೆ.

ಸೊಸೆಯಂದಿರ ಕಥೆ ಇನ್ನೂ ಕಠಿಣ. ಹೆರಿಗೆಯ ಬಳಿಕ ಖಿನ್ನತೆಗೆ ಒಳಗಾದ ಹೆಣ್ಣಿಗೆ ಜಿನ್ನ್ ಬಾಧೆಯ ಹಣೆಪಟ್ಟಿ ಹಚ್ಚಿ ತವರಿಗೆ ಕಳುಹಿಸಿದರೆ, ಹಿಂದೆಯೇ ತಲಾಕ್ ಹೋಗುತ್ತದೆ. ಗಂಡ ವರ್ಷಗಟ್ಟಲೆ ಪರದೇಶದಲ್ಲಿರುವ ಮನೆಯಲ್ಲಿ ಅತ್ತೆ, ಮಕ್ಕಳು, ಸಾಲ ಎಲ್ಲವನ್ನೂ ಒಂಟಿಯಾಗಿ ಹೊತ್ತವಳು ನಿದ್ದೆ ಬರುವುದಿಲ್ಲವೆಂದರೆ, ಅವಳಿಗೇನು ಕಡಿಮೆಯಾಗಿದೆ ಎಂದು ಕೇಳುತ್ತೇವೆ.

ಜಿನ್ನ್‌ಗಳ ಅಸ್ತಿತ್ವವನ್ನು ನಾನು ನಿರಾಕರಿಸುತ್ತಿಲ್ಲ; ಅದು ಕುರ್‌ಆನ್ ಹೇಳಿದ ಸತ್ಯ. ಆದರೆ ಪ್ರತಿಯೊಂದು ಕಾಯಿಲೆಗೂ ಜಿನ್ನನ್ನು ಹೊಣೆ ಮಾಡಲು ನಮಗೆ ಪುರಾವೆ ಎಲ್ಲಿದೆ? ಕುರ್‌ಆನ್ ಪಾರಾಯಣವನ್ನೂ ದುಆವನ್ನೂ ಯಾರೂ ಬಿಡಬೇಕಾಗಿಲ್ಲ. ಕಾಯಿಲೆ ನೀಡಿದ ಅಲ್ಲಾಹನು ಔಷಧವನ್ನೂ ಇಳಿಸಿದ್ದಾನೆ, ಚಿಕಿತ್ಸೆ ಪಡೆಯಿರಿ ಎಂದವರೂ ಪ್ರವಾದಿ(ಸ)ರೇ. ಗುಜರಾತಿನ ಉನಾವಾದ ಮೀರಾ ದಾತಾರ್ ದರ್ಗಾದಲ್ಲಿ 2008ರಿಂದ 'ದವಾ ಮತ್ತು ದುಆ' ಎಂಬ ಯೋಜನೆ ನಡೆದು ಬಂತು. ದರ್ಗಾದ ಮುಜಾವರರಿಗೇ ರೋಗಲಕ್ಷಣಗಳನ್ನು ಗುರುತಿಸಲು ಕಲಿಸಲಾಯಿತು. ಪ್ರಾರ್ಥನೆಗೆ ಬಂದವರನ್ನು ಅವರೇ ಆವರಣದಲ್ಲಿದ್ದ ವೈದ್ಯರ ಬಳಿಗೆ ಕಳುಹಿಸಿದರು. ಮುಂದೆ ಅದೇ ಮಾದರಿ ಏರ್ವಾಡಿಗೂ ತಲುಪಿತು. 28 ಮಂದಿ ಬೆಂದುಹೋದ ಊರಿನಲ್ಲಿಯೇ ಔಷಧ ಮತ್ತು ಪ್ರಾರ್ಥನೆ ಕೈಜೋಡಿಸಿದವು. ಏರ್ವಾಡಿಯಲ್ಲಿ ಸಾಧ್ಯವಾದುದು ಉಚ್ಚಿಲದಲ್ಲಿ, ಕಾಪುವಿನಲ್ಲಿ, ಕಾರ್ಕಳದಲ್ಲಿ ಏಕೆ ಸಾಧ್ಯವಿಲ್ಲ?

ಇಷ್ಟಾದರೂ ಮಾಡೋಣ

ನಮಗೆ ಅನುಕೂಲಗಳ ಕೊರತೆಯಿಲ್ಲ. ಮಣಿಪಾಲದ ವೈದ್ಯಕೀಯ ಕಾಲೇಜಿನಲ್ಲಿ ಮನೋವೈದ್ಯ ವಿಭಾಗವಿದೆ. ಉಡುಪಿಯ ದೊಡ್ಡಣಗುಡ್ಡೆಯಲ್ಲಿ ಡಾ. ಎ.ವಿ. ಬಾಳಿಗಾ ಸ್ಮಾರಕ ಆಸ್ಪತ್ರೆಯಿದೆ. 2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿ ಮಾನಸ್ ಸೇವೆಯ 14416 ಸಂಖ್ಯೆಗೆ ಹಗಲು ರಾತ್ರಿಯೆನ್ನದೆ ಉಚಿತವಾಗಿ ಕರೆ ಮಾಡಬಹುದು; ಕನ್ನಡದಲ್ಲಿಯೇ ಮಾತಾಡಬಹುದು. ದೂರ ಇರುವುದು ಆಸ್ಪತ್ರೆಯಲ್ಲ, ನಮ್ಮ ಮನಸ್ಸು.

ಆದ್ದರಿಂದ ನಮ್ಮ ಜಮಾಅತ್‌ಗಳ ಮುಂದೆ ಮೂರು ವಿನಂತಿಗಳನ್ನಿಡುತ್ತೇನೆ. ಮೊದಲನೆಯದಾಗಿ, ವರ್ಷಕ್ಕೊಂದು ಜುಮಾ ಖುತ್ಬಾ ಈ ವಿಷಯಕ್ಕೆ ಮೀಸಲಾಗಲಿ. ಮದ್ರಸದ ಉಸ್ತಾದರಿಗೆ ಒಂದು ದಿನದ ಮಾಹಿತಿ ಶಿಬಿರವನ್ನು ಮನೋವೈದ್ಯರಿಂದ ನಡೆಸೋಣ. ಮನೆಯವರು ಮೊದಲು ಹೋಗುವುದು ಅವರ ಬಳಿಗೇ. ಅವರು ಸರಿಯಾದ ದಾರಿ ತೋರಿಸಿದರೆ ವರ್ಷಗಳು ಉಳಿಯುತ್ತವೆ.

ಎರಡನೆಯದಾಗಿ, ನಿಕಾಹ್‌ನ ಮೊದಲು ಕಾಯಿಲೆಯನ್ನು ಮುಚ್ಚಿಡುವ ಪದ್ಧತಿ ನಿಲ್ಲಲಿ. ಬುದ್ಧಿಭ್ರಮಣೆಯನ್ನು ಶಾಫಿಈ ಫಿಕ್ಹ್ ವಿವಾಹ ರದ್ದತಿಗೆ ಕಾರಣವಾಗಬಲ್ಲ ದೋಷಗಳಲ್ಲಿ ಎಣಿಸಿದೆ ಎಂಬುದು ಮುಚ್ಚಿಡುವವರಿಗೆ ಗೊತ್ತಿರಲಿ. ಜೊತೆಗೆ, ಸತ್ಯ ಹೇಳಿದ ಕುಟುಂಬವನ್ನು ದೂರವಿಡುವ ನಮ್ಮ ಚಾಳಿಯೂ ನಿಲ್ಲಬೇಕು. ಚಿಕಿತ್ಸೆ ಪಡೆದು ಸಂಸಾರ ನಡೆಸುತ್ತಿರುವವರು ನಮ್ಮ ನಡುವೆಯೇ ಇದ್ದಾರೆ. ಸತ್ಯ ಹೇಳಿದವನಿಗೆ ಶಿಕ್ಷೆ, ಮುಚ್ಚಿಟ್ಟವನಿಗೆ ಬಹುಮಾನ ಎಂಬ ಸ್ಥಿತಿ ಇರುವವರೆಗೆ ಯಾರು ಬಾಯಿ ತೆರೆದಾರು?

ಮೂರನೆಯದಾಗಿ, ಬೈತುಲ್ ಮಾಲ್ ಮತ್ತು ಝಕಾತ್ ನಿಧಿಯಲ್ಲಿ ಮನೋರೋಗಿಗಳಾದ ಬಡವರ ಔಷಧಕ್ಕೆ ಒಂದು ಪಾಲಿರಲಿ. ಈ ಕಾಯಿಲೆಗಳಲ್ಲಿ ಹಲವಕ್ಕೆ ಮಾತ್ರೆಯನ್ನು ವರ್ಷಗಟ್ಟಲೆ ತಪ್ಪದೆ ನುಂಗಬೇಕಾಗುತ್ತದೆ. ಕೈಯಲ್ಲಿ ಹಣವಿಲ್ಲದೆ ನಡುವೆ ನಿಲ್ಲಿಸಿದವನ ಕಾಯಿಲೆ ಮರುಕಳಿಸುತ್ತದೆ. ಮಾನಸಿಕ ಕಾಯಿಲೆಯನ್ನು ಅಂಗವೈಕಲ್ಯವೆಂದು ಒಪ್ಪುವ 2016ರ ಕಾಯಿದೆಯಿದೆ. ಅರ್ಹರಿಗೆ ಪ್ರಮಾಣಪತ್ರ ಮಾಡಿಸಿಕೊಡುವ ಕೆಲಸವನ್ನು ನಮ್ಮ ಯುವಕ ಸಂಘಗಳು ವಹಿಸಿಕೊಳ್ಳಲಿ.

ಈ ಚರಿತ್ರೆಯನ್ನು ಮಕ್ಕಳಿಗೂ ಹೇಳಿ. ದಮಸ್ಕಸ್‌ನ ಆಸ್ಪತ್ರೆಯ ಜೊತೆ ಏರ್ವಾಡಿಯ ಬೆಂಕಿಯನ್ನೂ ಹೇಳಿ. ಮಂಗಳೂರಿನಲ್ಲಿ ಹುಟ್ಟಿದ ಶಾರದಾ ಮೆನನ್‌ರನ್ನೂ ತಾಯಿಗಾಗಿ ಹೋರಾಡಿದ ಭಾರ್ಗವಿ ದಾವರ್‌ರನ್ನೂ ಪರಿಚಯಿಸಿ. ಈ ಹೆಸರುಗಳನ್ನು ಬಲ್ಲ ಮಗು ನಾಳೆ ಬೀದಿಯಲ್ಲಿ ತಿರುಗುವ ಅಸ್ವಸ್ಥನ ಮೇಲೆ ಕಲ್ಲೆಸೆಯಲಾರದು.

ಕಬ್ಬಿಣದ ಸರಪಳಿಯನ್ನು ಕಾಯಿದೆ ನಿಷೇಧಿಸಿತು. ನಾಚಿಕೆಯ ಸರಪಳಿಯನ್ನು ನಿಷೇಧಿಸಬಲ್ಲ ಕಾಯಿದೆ ಯಾವ ಸಂಸತ್ತಿನಲ್ಲೂ ಆಗದು. ಅದನ್ನು ನಾವೇ ಬಿಚ್ಚಬೇಕು, ಈ ಮೊಹಲ್ಲಾದಿಂದಲೇ ಆರಂಭಿಸಬೇಕು. ನಮ್ಮ ರೋಗಿಗಳಿಗೆ ಅಲ್ಲಾಹನು ಶಿಫಾ ನೀಡಲಿ, ಅವರನ್ನು ಆರೈಕೆ ಮಾಡುತ್ತಿರುವ ತಾಯಂದಿರಿಗೆ ಸಹನೆಯನ್ನೂ ಪ್ರತಿಫಲವನ್ನೂ ನೀಡಲಿ, ಅವರ ಬಾಗಿಲು ತಟ್ಟುವ ಧೈರ್ಯವನ್ನು ನಮಗೆ ನೀಡಲಿ. ಆಮೀನ್.

ವಸ್ಸಲಾಮು ಅಲೈಕುಮ್ ವ ರಹ್ಮತುಲ್ಲಾಹ್.